ಒಂದೇ ವೇಗದ ಎರಡು ಹಳೆಯ ಪ್ರೊಸೆಸರ್‌ಗಳು: ಇ8400 ಮತ್ತು ಅಥ್ಲಾನ್ 250

ಹಾಸನದಲ್ಲಿ ಕಡಿಮೆ ಬೆಲೆಯ ಹಳೆಯ ಡೆಸ್ಕ್‌ಟಾಪ್ ಹುಡುಕಿ ಹೊರಟವರಿಗೆ ಪದೇ ಪದೇ ಎದುರಾಗುವ ಹೆಸರುಗಳು ಎರಡು: ಇಂಟೆಲ್‌ನ ಕೋರ್ 2 ಡ್ಯುಯೊ ಇ8400 ಮತ್ತು ಎಎಂಡಿಯ ಅಥ್ಲಾನ್ 2 ಎಕ್ಸ್2 250. "ಎರಡೂ ತ್ರೀ ಗಿಗಾಹರ್ಟ್ಸೇ ಸಾರ್, ಯಾವುದು ತಗೊಂಡ್ರೂ ಒಂದೇ" ಎಂದು ಅಂಗಡಿಯವರು ಹೇಳುವ ಮಾತು ಅರ್ಧ ಮಾತ್ರ ನಿಜ. ನಮ್ಮ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಲ್ಲಿ ಇವೆರಡೂ ಅಕ್ಕಪಕ್ಕದ ಮೇಜುಗಳ ಮೇಲೆ ದುಡಿಯುತ್ತಿರುವುದರಿಂದ, ಒಂದರಲ್ಲಿ ಮಾಡಿದ ಕೆಲಸವನ್ನೇ ಇನ್ನೊಂದರಲ್ಲಿಯೂ ಮಾಡಿಸಿ ಹೋಲಿಸುವುದು ಸಾಧ್ಯವಾಗಿದೆ.

ಕಾಗದದ ಮೇಲೆ ಇವು ಅವಳಿಗಳಂತೆಯೇ ಕಾಣುತ್ತವೆ. ಎರಡರಲ್ಲಿಯೂ ಎರಡು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು), 45 ನ್ಯಾನೊಮೀಟರ್ ತಯಾರಿಕೆ, 65 ವ್ಯಾಟ್‌ನ ಮಿತಿ. ಇ8400 ಬಂದದ್ದು 2008ರ ಜನವರಿಯಲ್ಲಿ, 183 ಡಾಲರ್ ಬೆಲೆಗೆ. ಅಥ್ಲಾನ್ ಬಂದದ್ದು 2009ರ ಜೂನ್‌ನಲ್ಲಿ, ಅದರ ಅರ್ಧಕ್ಕಿಂತಲೂ ಕಡಿಮೆ, ಅಂದರೆ 87 ಡಾಲರ್‌ಗೆ. ಇಂದು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಆ ಅಂತರ ಅಳಿಸಿಹೋಗಿದೆ, ಆದರೆ ಆ ಬೆಲೆಗೆ ಕಾರಣವಾಗಿದ್ದ ಸಿಲಿಕಾನ್ ಹಾಗೆಯೇ ಉಳಿದಿದೆ.

ಇ8400ರಲ್ಲಿ ಎರಡೂ ಕೋರ್‌ಗಳು ಹಂಚಿಕೊಳ್ಳುವ 6 ಎಂಬಿ ಎಲ್2 ಕ್ಯಾಶ್ (ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರೊಸೆಸರ್ ತನ್ನೊಳಗೇ ಇಟ್ಟುಕೊಳ್ಳುವ ಚಿಕ್ಕ ಮೆಮೊರಿ) ಇದೆ. ಒಂದು ಕೋರ್ ಸುಮ್ಮನಿದ್ದರೆ ಇನ್ನೊಂದು ಬಹುಪಾಲು ಜಾಗವನ್ನು ತಾನೇ ಬಳಸಿಕೊಳ್ಳಬಹುದು. ಅಥ್ಲಾನ್‌ನಲ್ಲಿ ಪ್ರತಿ ಕೋರ್‌ಗೆ 1 ಎಂಬಿ ಮಾತ್ರ, ಮುಂದಿನ ಹಂತದ ಎಲ್3 ಕ್ಯಾಶ್ ಇಲ್ಲವೇ ಇಲ್ಲ. ಇದರ ಜೊತೆಗೆ ಇಂಟೆಲ್‌ನ ಕೋರ್ ತನ್ನ ಒಳಗಡಿಯಾರದ ಒಂದು ಬಡಿತಕ್ಕೆ ನಾಲ್ಕು ಆದೇಶಗಳನ್ನು ಬಿಡಿಸಿಕೊಳ್ಳಬಲ್ಲದು, ಎಎಂಡಿಯದು ಮೂರನ್ನು. ಆದ್ದರಿಂದ ಗಿಗಾಹರ್ಟ್ಸ್ ಒಂದೇ ಆದರೂ ಒಂದೇ ಕೋರ್ ಮೇಲೆ ನಡೆಯುವ ಕೆಲಸದಲ್ಲಿ ಇ8400 ಮುಂದಿರುತ್ತದೆ. ಅಥ್ಲಾನ್‌ಗಿರುವ ಒಂದು ಅನುಕೂಲವೆಂದರೆ ಮೆಮೊರಿ ನಿಯಂತ್ರಕ ಪ್ರೊಸೆಸರ್‌ನ ಒಳಗೇ ಇರುವುದು. ಇ8400 ಮಾತ್ರ ಮೆಮೊರಿಗಾಗಿ ಪ್ರತಿ ಬಾರಿಯೂ 1333 ಮೆಗಾಹರ್ಟ್ಸ್‌ನ ಫ್ರಂಟ್ ಸೈಡ್ ಬಸ್ ಎಂಬ ದಾರಿಯನ್ನು ದಾಟಿ ಮದರ್‌ಬೋರ್ಡ್‌ನ ನಾರ್ತ್‌ಬ್ರಿಜ್ ಚಿಪ್‌ವರೆಗೆ ಹೋಗಿಬರಬೇಕು, ಆ ದಾರಿಯ ಅಗಲ ಸೆಕೆಂಡಿಗೆ ಸುಮಾರು 10.6 ಜಿಬಿಗೆ ಸೀಮಿತವಾಗಿದೆ. ದೊಡ್ಡ ಕ್ಯಾಶ್ ಇಟ್ಟದ್ದೇ ಈ ಓಡಾಟವನ್ನು ತಪ್ಪಿಸಲು.

ಮೇಜಿನ ಮೇಲೆ ಇದು ಹೇಗೆ ಕಾಣುತ್ತದೆಂದರೆ, ಲಗ್ನಪತ್ರಿಕೆ ಮತ್ತು ಕರಪತ್ರಗಳಿಗೆ ನಾವು ಈಗಲೂ ಬಳಸುವ ಪೇಜ್‌ಮೇಕರ್ 7ರಲ್ಲಿ, ನುಡಿ ತಂತ್ರಾಂಶದ ಕನ್ನಡ ಅಕ್ಷರಗಳಿಂದ ತುಂಬಿದ ಹಲವು ಪುಟಗಳ ಕಡತವನ್ನು ತೆರೆದು ಪುಟ ತಿರುಗಿಸುವಾಗ ಇ8400 ತಡವರಿಸುವುದಿಲ್ಲ, ಅಥ್ಲಾನ್ ಒಂದು ಕ್ಷಣ ನಿಂತು ಮುಂದುವರಿಯುತ್ತದೆ. ಕೋರೆಲ್‌ಡ್ರಾದಲ್ಲಿ ನೆರಳು ಮತ್ತು ಪಾರದರ್ಶಕತೆ ಹೆಚ್ಚಿರುವ ವಿನ್ಯಾಸವನ್ನು ಪಿಡಿಎಫ್ ಮಾಡುವಾಗ ಈ ಅಂತರ ಇನ್ನಷ್ಟು ಸ್ಪಷ್ಟವಾಗುತ್ತದೆ. ಲೆಕ್ಕಪತ್ರದ ಟ್ಯಾಲಿಯಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ.

ಹಾಗಿದ್ದರೂ ಗ್ರಾಹಕರು ಸಾಲುಗಟ್ಟಿ ನಿಂತಿರುವ ಬೆಳಗಿನ ಹೊತ್ತಿನಲ್ಲಿ ನಮ್ಮ ಹುಡುಗರು ತಾವಾಗಿಯೇ ಹೋಗಿ ಕೂರುವುದು ಅಥ್ಲಾನ್ ಮುಂದೆ. ಪಹಣಿ ತೆಗೆಯುವ ಭೂಮಿ ಪುಟ, ಸೇವಾ ಸಿಂಧು, ಇಮೇಲ್, ವಾಟ್ಸ್‌ಆ್ಯಪ್ ವೆಬ್, ನಡುವೆ ಗ್ರಾಹಕರು ಕಳುಹಿಸಿದ ಮೂರ್ನಾಲ್ಕು ಪಿಡಿಎಫ್, ಇವೆಲ್ಲ ಒಟ್ಟಿಗೆ ತೆರೆದಿರುವ ಬ್ರೌಸರ್‌ಗೆ ಬೇಕಾದದ್ದು ಪ್ರೊಸೆಸರ್‌ನ ಚುರುಕುತನಕ್ಕಿಂತ ಮೊದಲು ಮೆಮೊರಿ. ನಮ್ಮ ಇ8400 ಕುಳಿತಿರುವುದು ಜಿ31 ಚಿಪ್‌ಸೆಟ್‌ನ ಮದರ್‌ಬೋರ್ಡ್‌ನಲ್ಲಿ; ಅದು ಡಿಡಿಆರ್2 ರ್‍ಯಾಮ್ ಮಾತ್ರ, ಅದರಲ್ಲಿಯೂ 4 ಜಿಬಿವರೆಗೆ ಮಾತ್ರ ಒಪ್ಪುತ್ತದೆ. ಅಥ್ಲಾನ್ ಇರುವುದು ಮುಂದಿನ ಪೀಳಿಗೆಯ ಡಿಡಿಆರ್3 ರ್‍ಯಾಮ್ ಹಾಕುವ 760ಜಿ ಬೋರ್ಡ್‌ನಲ್ಲಿ, 8 ಜಿಬಿಯೊಂದಿಗೆ. ನಾಲ್ಕು ಜಿಬಿ ತುಂಬಿದ ಮೇಲೆ ವಿಂಡೋಸ್ ಹೆಚ್ಚುವರಿ ಹೊರೆಯನ್ನು ಡಿಸ್ಕ್‌ಗೆ ಸುರಿಯತೊಡಗುತ್ತದೆ, ಆಗ ಇ8400ರ 6 ಎಂಬಿ ಕ್ಯಾಶ್‌ನಿಂದ ಯಾವ ಉಪಯೋಗವೂ ಆಗುವುದಿಲ್ಲ. ಎರಡಕ್ಕೂ ಎಸ್‌ಎಸ್‌ಡಿ ಹಾಕಿಸಿದ್ದೇವೆ. ಆದರೆ ಜಿ31 ಜೊತೆಗೆ ಬರುವ ಸಾಧಾರಣ ಐಸಿಎಚ್7 ಸೌತ್‌ಬ್ರಿಜ್‌ನಲ್ಲಿ (ಡಿಸ್ಕ್ ಸಂಪರ್ಕ ನೋಡಿಕೊಳ್ಳುವ ಚಿಪ್) ಎಸ್‌ಎಸ್‌ಡಿಯನ್ನು ಚೆನ್ನಾಗಿ ದುಡಿಸಲು ಬೇಕಾದ ಎಎಚ್‌ಸಿಐ ಸೌಲಭ್ಯವಿಲ್ಲದ ಕಾರಣ, ಡಿಸ್ಕ್‌ನ ವಿಷಯದಲ್ಲಿಯೂ ಇಂಟೆಲ್ ಮೇಜಿಗೆ ಹಿನ್ನಡೆಯೇ. ಅದೇ ಇ8400ನ್ನು ಡಿಡಿಆರ್3 ಇರುವ ಜಿ41 ಬೋರ್ಡ್‌ನಲ್ಲಿ ಕೂರಿಸಿ 8 ಜಿಬಿ ಕೊಟ್ಟರೆ ಫಲಿತಾಂಶ ತಿರುಗಿ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ಕೊಳ್ಳುವವರು ಪ್ರೊಸೆಸರ್‌ನ ಹೆಸರು ಕೇಳುವ ಮೊದಲು ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿಸಿ ಬೋರ್ಡ್‌ನ ಮೇಲೆ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ಓದಬೇಕು.

ಯೂಟ್ಯೂಬ್ ನೋಡುವುದರಲ್ಲಿ ಅಥ್ಲಾನ್ ಸೋಲುತ್ತದೆ, ಇದಕ್ಕೆ ರ್‍ಯಾಮ್ ಮದ್ದಲ್ಲ. ಇಂದು ಬರುವ ವಿಪಿ9 ಮತ್ತು ಎವಿ1 ಎಂಬ ಕುಗ್ಗಿಸಿದ ರೂಪದ ವಿಡಿಯೊಗಳನ್ನು ಬಿಡಿಸುವ ಯಂತ್ರಾಂಶ ಈ ಕಾಲದ ಬೋರ್ಡ್‌ಗಳಲ್ಲಿ ಇಲ್ಲದ್ದರಿಂದ ಇಡೀ ಭಾರ ಪ್ರೊಸೆಸರ್ ಮೇಲೆಯೇ ಬೀಳುತ್ತದೆ. ಆ ಕೆಲಸವನ್ನು ವೇಗಗೊಳಿಸಲು ತಂತ್ರಾಂಶಗಳು ಬಳಸುವ ಎಸ್‌ಎಸ್‌ಎಸ್‌ಇ3 ಆದೇಶಗಳು ಇ8400ರಲ್ಲಿವೆ, ಎಸ್‌ಎಸ್‌ಇ4.1 ಕೂಡ ಇದೆ. ಅಥ್ಲಾನ್‌ನಲ್ಲಿ ಎರಡೂ ಇಲ್ಲ. 720ಪಿ ಸ್ಪಷ್ಟತೆಯ ವಿಡಿಯೊ ಎರಡರಲ್ಲಿಯೂ ಸಾಗುತ್ತದೆ, ಅದಕ್ಕಿಂತ ಮೇಲೆ ಹೋದರೆ ಅಥ್ಲಾನ್ ಮೊದಲು ಮುಗ್ಗರಿಸುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಸುವ ನಮ್ಮಂಥವರಿಗೆ ಇನ್ನೊಂದು ಸಂಗತಿ: ಕೆಲಸವಿಲ್ಲದಾಗ ಅಥ್ಲಾನ್ 800 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಇ8400 ಎರಡು ಗಿಗಾಹರ್ಟ್ಸ್‌ಗಿಂತ ಕೆಳಗೆ ಇಳಿಯದು. ಆದರೂ ಬೋರ್ಡ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಮತ್ತು ಮಾನಿಟರ್ ಎಳೆಯುವ ಕರೆಂಟಿನ ಮುಂದೆ ಇದನ್ನು ನೋಡಿ ಆರಿಸುವುದು ವ್ಯರ್ಥ.

ದೂಳು ತೆಗೆಯುವಾಗ ಮಾತ್ರ ಎರಡರ ಸ್ವಭಾವವೂ ಬೇರೆ. ಅಥ್ಲಾನ್‌ನ ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲಿಯೇ ಇರುತ್ತವೆ. ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಹಿಡಿದಿದ್ದಾಗ ಪ್ರೊಸೆಸರ್ ಮೇಲೆ ಕೂತು ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕನ್ನು ನೇರವಾಗಿ ಮೇಲಕ್ಕೆತ್ತಿದರೆ, ಸಾಕೆಟ್‌ನ ಸನ್ನೆ ಮುಚ್ಚಿದ್ದರೂ ಪ್ರೊಸೆಸರ್ ಅದರ ಜೊತೆಯಲ್ಲೇ ಕಿತ್ತುಬಂದು ಪಿನ್‌ಗಳು ಬಾಗುತ್ತವೆ. ಸ್ವಲ್ಪ ಹೊತ್ತು ಯಂತ್ರ ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ, ಆಫ್ ಮಾಡಿ, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಇ8400ರಲ್ಲಿ ಪಿನ್‌ಗಳು ಬೋರ್ಡ್‌ನ ಸಾಕೆಟ್‌ನಲ್ಲಿವೆ. ಅಲ್ಲಿನ ತೊಂದರೆ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳದ್ದು. ಹಳತಾದಾಗ ಅವುಗಳ ಮೂತಿ ಮುರಿದು ಒಂದು ಮೂಲೆ ಮೇಲೆದ್ದಿರುತ್ತದೆ, ಪ್ರೊಸೆಸರ್ ಕಾದು ತಾನೇ ನಿಧಾನವಾಗುತ್ತದೆ. "ಹಳೇದು, ಅದಕ್ಕೇ ಸ್ಲೋ" ಎಂದು ಮಾರಿದ ಯಂತ್ರಗಳಲ್ಲಿ ಕೆಲವು ಇಂಥವೇ ಇದ್ದಾವು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಎಸ್‌ಎಸ್‌ಇ4.2 ಆದೇಶಗಳು ಇವೆರಡರಲ್ಲಿಯೂ ಇಲ್ಲದ ಕಾರಣ, ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಇಂಟರ್ನೆಟ್ ಕೆಲಸಕ್ಕಿರುವ ಅಥ್ಲಾನ್‌ಗೆ ಲಿನಕ್ಸ್ ಮಿಂಟ್ ಹಾಕಿಸಿದ್ದೇವೆ. ಪೇಜ್‌ಮೇಕರ್ ಬಿಡಲಾಗದ ಇ8400ರಲ್ಲಿ ವಿಂಡೋಸ್ 10 ಉಳಿಸಿಕೊಂಡು ಅದರ ಇಂಟರ್ನೆಟ್ ವೈರನ್ನು ಕಿತ್ತಿದ್ದೇವೆ, ಕಡತಗಳು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತವೆ.