ಪರ್ಸನಲ್ ಬ್ರ್ಯಾಂಡಿಂಗ್‌ಗೆ ಏಜೆನ್ಸಿಯೋ, ಬ್ಯಾಚ್ ಕೋರ್ಸೋ, ಒಬ್ಬ ಕೋಚೋ?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕ್ಷೇತ್ರದವರಿಗೆ ನನ್ನ ಹೆಸರು ಗೊತ್ತಾಗುವ ಹಾಗೆ ಮಾಡಲು ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಓಟು ಎದುರಿಗೆ ಕೂತು ನಮ್ಮನ್ನೇ ಮಾತಾಡಿಸುವ ಕೋಚ್‌ಗೆ. ಏಜೆನ್ಸಿಗೆ ಇನ್ನೊಮ್ಮೆ ದುಡ್ಡು ಕೊಡುವುದಿಲ್ಲ. ಬ್ಯಾಚ್ ಕೋರ್ಸ್ ಕೆಲವರಿಗೆ ಸರಿಹೋಗಬಹುದು, ನನ್ನಂಥವರಿಗೆ ಅಲ್ಲ.

ನನ್ನಂಥವರು ಅಂದರೆ ಯಾರು? ಪ್ಲಾಂಟ್ ಮೇಂಟೆನೆನ್ಸ್‌ನಲ್ಲಿ ಶುರು ಮಾಡಿ, ಆಪರೇಷನ್ಸ್ ಪೂರ್ತಿ ನೋಡಿಕೊಳ್ಳುವ ಮಟ್ಟಕ್ಕೆ ಬಂದವನು ನಾನು. ಜೊತೆಗೆ ದುಡಿದವರಿಗೆ ಗೊತ್ತು, ಆಚೆ ಕಡೆಯವರಿಗೆ ಗೊತ್ತಿಲ್ಲ. ಮುಂದೆ ಸಲಹೆಗಾರನಾಗಿ, ಸಾಧ್ಯವಾದರೆ ಯಾವುದಾದರೂ ಕಂಪನಿಯ ಬೋರ್ಡ್‌ನಲ್ಲಿ ಕೆಲಸ ಮಾಡುವ ಆಸೆ ಇದೆ. ಇದಕ್ಕೆ ಲಕ್ಷಗಟ್ಟಲೆ ಫಾಲೋವರ್ಸ್ ಬೇಕಿಲ್ಲ. ನಮ್ಮ ಕ್ಷೇತ್ರದಲ್ಲಿ 'ಇದಕ್ಕೆ ಯಾರನ್ನು ಕೇಳೋಣ' ಅಂತ ಯೋಚಿಸುವ ಒಂದಷ್ಟು ಜನ ಇರುತ್ತಾರೆ, ಅವರಿಗೆ ಆ ಹೊತ್ತಿಗೆ ನಮ್ಮ ಹೆಸರು ನೆನಪಾದರೆ ಸಾಕು. ಮ್ಯಾನೇಜ್‌ಮೆಂಟ್ ಲೇಖಕ ಟಾಮ್ ಪೀಟರ್ಸ್ 1997ರಲ್ಲಿ ಫಾಸ್ಟ್ ಕಂಪನಿ ಪತ್ರಿಕೆಯಲ್ಲಿ ಬರೆದು ಈ ಪರ್ಸನಲ್ ಬ್ರ್ಯಾಂಡ್ ಅನ್ನುವ ವಿಚಾರವನ್ನು ಜನಪ್ರಿಯ ಮಾಡಿದಾಗ, ಈಗ ಎಲ್ಲರೂ ಉದ್ಯೋಗದ ಪ್ರೊಫೈಲ್ ಇಡುವ ಜಾಲತಾಣ ಲಿಂಕ್ಡ್‌ಇನ್ ಹುಟ್ಟೇ ಇರಲಿಲ್ಲ. ಅದು ಶುರುವಾಗಿದ್ದು 2003ರಲ್ಲಿ. ಹಾಗಾಗಿ ಮೊದಲ ಮಾತುಕತೆಯಲ್ಲೇ ವಾರಕ್ಕೆ ಎಷ್ಟು ಪೋಸ್ಟ್ ಅನ್ನುವ ಲೆಕ್ಕಕ್ಕೆ ಇಳಿಯುವವರನ್ನು ಕಂಡರೆ ನನಗೆ ಆಗಲೇ ಅನುಮಾನ.

ಏಜೆನ್ಸಿ ವಿಷಯ ಮೊದಲು ಮುಗಿಸುತ್ತೇನೆ. ಅದು ತಿಂಗಳ ಪ್ಯಾಕೇಜ್. ಫೋಟೋ ತೆಗೆಸುತ್ತಾರೆ, ಪ್ರೊಫೈಲ್ ಬರೆಯುತ್ತಾರೆ, ಪೋಸ್ಟ್‌ಗಳನ್ನು ಬರೆದು ಹಾಕುತ್ತಾರೆ, ಕಾಮೆಂಟ್‌ಗಳಿಗೆ ಉತ್ತರವನ್ನೂ ಅವರೇ ಕೊಡುತ್ತಾರೆ. ಫೋಟೋ ಚೆನ್ನಾಗಿ ಬಂತು, ಈಗಲೂ ಅದನ್ನೇ ಇಟ್ಟಿದ್ದೇನೆ. ಹೇಳಿದ ದಿನ ಹೇಳಿದ ಹೊತ್ತಿಗೆ ಕೆಲಸ ಆಗುತ್ತಿತ್ತು, ಅದರಲ್ಲಿ ದೂರು ಇಲ್ಲ.

ದೂರು ಇರುವುದು ಒಂದೇ ವಿಷಯಕ್ಕೆ. ಹಿಂದೆ ನಾನಿದ್ದ ಪ್ಲಾಂಟ್‌ನಲ್ಲಿ ಒಮ್ಮೆ ದೊಡ್ಡ ಕಂಪ್ರೆಸರ್ ಕೈಕೊಟ್ಟಿತ್ತು. ರಾತ್ರಿ ಪಾಳಿಯವರು ಬೇರಿಂಗ್ ಬದಲಾಯಿಸಿ ಬೆಳಗಾಗುವಷ್ಟರಲ್ಲಿ ಓಡಿಸಿದ್ದರು. ನನ್ನ ಪಾತ್ರ ಇದ್ದದ್ದು ಅದಕ್ಕೂ ತುಂಬಾ ಮುಂಚೆ. ಆ ಬೇರಿಂಗ್ ಸ್ಟೋರ್‌ನಲ್ಲಿ ಇರಲೇಬೇಕು ಅಂತ ಖರೀದಿ ವಿಭಾಗದ ಜೊತೆ ಜಗಳ ಆಡಿ ತರಿಸಿಟ್ಟವನು ನಾನು. ಏಜೆನ್ಸಿಯ ಬರಹಗಾರರಿಗೆ ಇದನ್ನೆಲ್ಲ ಫೋನಲ್ಲಿ ಬಿಡಿಸಿ ಹೇಳಿದ್ದೆ. ಕರಡು ಬಂದಾಗ ಕಥೆಯೇ ಬೇರೆ. 'ರಾತ್ರಿ ಎರಡು ಗಂಟೆ. ಎಲ್ಲರೂ ಕೈಚೆಲ್ಲಿದ್ದರು. ನಾನು ಬಿಡಲಿಲ್ಲ.' ಒಂದೊಂದು ವಾಕ್ಯಕ್ಕೆ ಒಂದೊಂದು ಸಾಲು, ನಡುನಡುವೆ ಖಾಲಿ ಜಾಗ. ತಿದ್ದಿ ವಾಪಸ್ ಕಳಿಸಿದೆ. ಆದರೆ ಪೋಸ್ಟ್ ಆಗಿದ್ದು ತಿದ್ದದೇ ಇರುವ ಪ್ರತಿ.

ಕೆಳಗೆ ಆ ಪಾಳಿಯ ಫೋರ್‌ಮನ್ ಕಾಮೆಂಟ್ ಹಾಕಿದರು. 'ಸರ್, ಆವತ್ತು ರಾತ್ರಿ ನೀವು ಪ್ಲಾಂಟಲ್ಲಿ ಇರಲಿಲ್ಲ ಅಲ್ವಾ?' ಅಷ್ಟೇ. ಬೈದಿರಲಿಲ್ಲ, ಸುಮ್ನೆ ಕೇಳಿದ್ದರು. ನಾನು ನೋಡುವಷ್ಟರಲ್ಲಿ ನನ್ನ ಹೆಸರಲ್ಲೇ ಉತ್ತರ ಹೋಗಿಬಿಟ್ಟಿತ್ತು: 'ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು!'

ಪೋಸ್ಟ್ ತೆಗೆಸಿದೆ. ಫೋರ್‌ಮನ್‌ಗೆ ಫೋನ್ ಮಾಡಿ ಮಾತಾಡಿದೆ. ಅವರು ದೊಡ್ಡ ಮನಸ್ಸಿನವರು, ಅಲ್ಲಿಗೇ ಬಿಟ್ಟರು. ಆದರೆ ಅದನ್ನು ಓದಿ ಸುಮ್ಮನಾದವರು ಎಷ್ಟು ಜನವೋ. ಹೊಸದಾಗಿ ಕೆಲಸಕ್ಕೆ ಸೇರಿದವರು ಒಂದು ಮಾತು ಜಾಸ್ತಿ ಹೇಳಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೀನಿಯರ್ ಆದವರ ಪ್ರತಿ ಕೆಲಸಕ್ಕೂ ಸಾಕ್ಷಿಗಳಿದ್ದಾರೆ. ಕೈಕೆಳಗೆ ದುಡಿದವರು, ಹಳೆ ಬಾಸ್‌ಗಳು, ವೆಂಡರ್‌ಗಳು ಎಲ್ಲರೂ ಅಲ್ಲೇ ಓದುತ್ತಿರುತ್ತಾರೆ. ನಾಳೆ ಯಾರೋ ನಮ್ಮನ್ನು ಒಂದು ಹುದ್ದೆಗೆ ಯೋಚಿಸಿದರೆ 'ಈ ಮನುಷ್ಯ ಹೇಗೆ?' ಅಂತ ವಿಚಾರಿಸುವುದೂ ಅವರ ಹತ್ತಿರವೇ. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರನ್ನು, ಆ ಕೆಲಸವನ್ನೇ ನೋಡದ ಒಬ್ಬರ ಕೈಗೆ ಬರೆಯಲು ಕೊಡುವುದು ನನಗಂತೂ ಒಪ್ಪಿಗೆ ಇಲ್ಲ.

ಲಾಗಿನ್ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ನಮ್ಮ ಹೆಸರಲ್ಲಿ ಬೇರೆಯವರು ಉತ್ತರ ಕೊಡಬೇಕಾದರೆ ನಮ್ಮ ಖಾತೆ ಅವರ ಕೈಯಲ್ಲಿರಬೇಕು. ಖಾತೆಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬಾರದು ಅಂತ ಲಿಂಕ್ಡ್‌ಇನ್ ಬಳಕೆದಾರರ ಒಪ್ಪಂದದಲ್ಲೇ ಇದೆ. ಸಾಫ್ಟ್‌ವೇರ್ ಬಳಸಿ ತಾನಾಗಿಯೇ ಲೈಕ್, ಕಾಮೆಂಟ್, ಮೆಸೇಜ್ ಹೋಗುವ ಹಾಗೆ ಮಾಡುವುದಕ್ಕೂ ಅಲ್ಲಿ ಅನುಮತಿ ಇಲ್ಲ. ನಿಯಮದ ಮಾತು ಪಕ್ಕಕ್ಕಿರಲಿ, ನಿಮ್ಮ ಇನ್‌ಬಾಕ್ಸ್ ಒಮ್ಮೆ ತೆರೆದು ನೋಡಿ. ಕೆಲಸ ಬಿಡಬೇಕು ಅಂದುಕೊಂಡು ಗುಟ್ಟಾಗಿ ಕೇಳಿದ ಹಳೆ ಸಹೋದ್ಯೋಗಿ ಅಲ್ಲಿರುತ್ತಾರೆ, ಹೊಸ ಹುದ್ದೆ ಇದೆ ಅಂತ ಬರೆದ ಹೆಡ್‌ಹಂಟರ್ ಇರುತ್ತಾರೆ. ಅವರು ನಂಬಿ ಬರೆದದ್ದು ನಮಗೆ. ಮೀಟಿಂಗ್ ಮಧ್ಯೆ 'ಸರ್, ಒಟಿಪಿ ಕಳಿಸಿ' ಅಂತ ಏಜೆನ್ಸಿಯಿಂದ ಮೆಸೇಜ್ ಬಂದ ದಿನವೇ ಪಾಸ್‌ವರ್ಡ್ ಬದಲಾಯಿಸಿ ಅವರ ಲೆಕ್ಕ ಚುಕ್ತಾ ಮಾಡಿದೆ.

ಬ್ಯಾಚ್ ಕೋರ್ಸ್ ಮೂರರಲ್ಲಿ ಅಗ್ಗ. ಸೂತ್ರಗಳು ಸಿಗುತ್ತವೆ: ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಬರುವ ಹೆಡ್‌ಲೈನ್‌ಗೆ 220 ಅಕ್ಷರದ ಮಿತಿ, ನಮ್ಮ ಪರಿಚಯ ಬರೆಯುವ ಅಬೌಟ್‌ಗೆ 2600, ಪೋಸ್ಟ್‌ಗೆ 3000, ಓದುವವರಿಗೆ ಮೊದಲು ಕಾಣುವುದು ಮೇಲಿನ ಎರಡು ಮೂರು ಸಾಲು ಮಾತ್ರ. ಇಷ್ಟು ಉಪಯೋಗಕ್ಕೆ ಬಂತು. ಆಮೇಲೆ ವಾಟ್ಸಾಪ್ ಗ್ರೂಪ್ ಶುರುವಾಯಿತು. ಒಬ್ಬರು ಲಿಂಕ್ ಹಾಕಿದ ಕೂಡಲೇ ಉಳಿದವರೆಲ್ಲ ಹೋಗಿ ಲೈಕ್ ಒತ್ತಿ ಕಾಮೆಂಟ್ ಬರೆಯಬೇಕು. ಅದೇ ಗ್ರೂಪ್‌ನಲ್ಲಿ ನಮ್ಮ ಟೆಂಡರ್‌ಗೆ ಬೆಲೆ ಹಾಕುವ ಕಂಪನಿಯವರೊಬ್ಬರು ಇದ್ದರು. ಅವರ ಪೋಸ್ಟ್‌ಗೆಲ್ಲ ನಾನು ಹೋಗಿ 'ಅದ್ಭುತ' ಅಂತ ಬರೆಯುತ್ತಿದ್ದರೆ ನಮ್ಮ ಖರೀದಿ ವಿಭಾಗದವರು ಏನು ತಿಳಿದುಕೊಳ್ಳಬೇಕು? ಗ್ರೂಪ್ ಬಿಟ್ಟೆ. ಸೋಷಿಯಲ್ ಸೆಲ್ಲಿಂಗ್ ಇಂಡೆಕ್ಸ್ ಅಂತ ಲಿಂಕ್ಡ್‌ಇನ್ ನೂರಕ್ಕೆ ಕೊಡುವ ಒಂದು ಅಂಕದ ಬಗ್ಗೆಯೂ ತುಂಬಾ ಹೇಳಿದರು. ಹೆಸರೇ ಹೇಳುವ ಹಾಗೆ ಅದು ಸೇಲ್ಸ್‌ನವರಿಗೆ ಮಾಡಿದ್ದು.

ಇನ್ನು ನನಗೆ ಹಿಡಿಸಿದ ಕೋಚ್. ಮೊದಲು ಪತ್ರಿಕೆಯೊಂದರಲ್ಲಿ ಸಂಪಾದಕಿಯಾಗಿದ್ದವರು, ಆಮೇಲೆ ಕೋಚಿಂಗ್ ಕಲಿತವರು. ಅವರ ಹತ್ತಿರ ಐಸಿಎಫ್ ಅಂದರೆ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ನ ಪಿಸಿಸಿ ಮಾನ್ಯತೆ ಇದೆ. 1995ರಲ್ಲಿ ಶುರುವಾದ ಸಂಸ್ಥೆ ಅದು. ಅದರ ಮಾನ್ಯತೆಯಲ್ಲಿ ಮೂರು ಹಂತ: ಎಸಿಸಿಗೆ 100 ಗಂಟೆ, ಪಿಸಿಸಿಗೆ 500, ಎಂಸಿಸಿಗೆ 2500 ಗಂಟೆ ಕೋಚಿಂಗ್ ಮಾಡಿದ ಅನುಭವ ತೋರಿಸಬೇಕು, ತರಬೇತಿ ಬೇರೆ. ಆದರೆ ಇದನ್ನೇ ನೋಡಿ ದುಡ್ಡು ಕಟ್ಟಬೇಡಿ. ಕೇಳಿಸಿಕೊಳ್ಳುವುದು, ಸರಿಯಾದ ಪ್ರಶ್ನೆ ಹಾಕುವುದು, ಗುಟ್ಟು ಕಾಪಾಡುವುದು ಇವಕ್ಕೆ ಈ ಮಾನ್ಯತೆ ಒಂದು ಮಟ್ಟದ ಭರವಸೆ. ಬರಹ, ಪ್ರೊಫೈಲ್, ಮಾಧ್ಯಮ ಇವೆಲ್ಲ ಅವರಿಗೆ ಗೊತ್ತಿದೆಯೇ ಅನ್ನುವುದಕ್ಕೆ ಅಲ್ಲ. ನನ್ನ ಕೋಚ್‌ಗೆ ಎರಡೂ ಗೊತ್ತಿತ್ತು, ಕೆಲಸ ಆಗಿದ್ದು ಅದರಿಂದಲೇ.

ಅವರಿಗೂ ಅದೇ ಕಂಪ್ರೆಸರ್ ಕಥೆ ಹೇಳಿದೆ. ರಾತ್ರಿಯ ಭಾಗವನ್ನು ಅವರು ಹಾಗೇ ಬಿಟ್ಟರು. ಖರೀದಿ ವಿಭಾಗದ ಜಗಳ ಅಂದ ತಕ್ಷಣ ನಿಲ್ಲಿಸಿದರು. 'ಆ ಬೇರಿಂಗ್ ಬೇಕಾಗುತ್ತೆ ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?' ವೈಬ್ರೇಷನ್ ರೀಡಿಂಗ್ ನಿಧಾನಕ್ಕೆ ಏರುತ್ತಿತ್ತು, ಆರ್ಡರ್ ಕೊಟ್ಟರೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಅಷ್ಟು ದಿನ ಪ್ಲಾಂಟ್ ನಿಂತರೆ ಆಗುವ ನಷ್ಟದ ಮುಂದೆ ಬೇರಿಂಗ್ ಬೆಲೆ ಏನೂ ಅಲ್ಲ ಅಂತ ವಿವರಿಸುತ್ತಾ ಹೋದೆ. 'ಹಾಗಾದರೆ ಯಾವುದನ್ನು ತರಿಸಿಡಬಾರದು ಅಂತಲೂ ಹೇಳ್ತೀರಾ?' ಅಂದರು. ಅದಕ್ಕೆ ನಾನು ಕೊಟ್ಟ ಉತ್ತರವೇ ಆ ಸೆಷನ್ ಪೂರ್ತಿ ತಿಂದಿತು.

ಏಜೆನ್ಸಿ ನನ್ನ ಹೆಡ್‌ಲೈನ್‌ನಲ್ಲಿ 'ದೂರದೃಷ್ಟಿಯ ನಾಯಕ, ಬದಲಾವಣೆಯ ಹರಿಕಾರ, ಸ್ಫೂರ್ತಿದಾಯಕ ಭಾಷಣಕಾರ' ಅಂತ ಹಾಕಿತ್ತು. ಈಗ ಇರುವುದು ಇಷ್ಟು: 'ಪ್ಲಾಂಟ್ ನಿಲ್ಲದಿರಲು ಯಾವ ಬಿಡಿಭಾಗ ಸ್ಟಾಕ್ ಇಡಬೇಕು, ಯಾವುದು ಬೇಡ ಅಂತ ನೋಡುವ ಕೆಲಸ.' ನೋಡಲು ಸಾದಾ. ಆದರೆ ಇದನ್ನು ನೋಡಿ ಫೋನ್ ಮಾಡುವವರು ನೇರ ಆ ವಿಷಯಕ್ಕೇ ಬರುತ್ತಾರೆ, ನಾನೂ ತಡವರಿಸದೆ ಮಾತಾಡಬಲ್ಲೆ. ಆ ಕಂಪ್ರೆಸರ್ ಪೋಸ್ಟನ್ನು ಈ ಸಲ ನಾನೇ ಬರೆದು, ಹಾಕುವ ಮುಂಚೆ ಫೋರ್‌ಮನ್‌ಗೆ ಕಳಿಸಿದೆ. 'ಬೇರಿಂಗ್‌ಗಿಂತ ಅಲೈನ್‌ಮೆಂಟ್‌ಗೇ ಜಾಸ್ತಿ ಹೊತ್ತು ಹಿಡೀತು ಸರ್, ಅದನ್ನೂ ಬರೀರಿ' ಅಂದರು. ಬರೆದೆ. ಆ ಒಂದು ಸಾಲಿನ ಬಗ್ಗೆಯೇ ಬೇರೆ ಪ್ಲಾಂಟ್‌ಗಳವರು ಕಾಮೆಂಟ್‌ನಲ್ಲಿ ಹೆಚ್ಚು ಮಾತಾಡಿದ್ದು.

ಕೋಚ್ ದಾರಿಯಲ್ಲಿ ಕೊರತೆಗಳೂ ಇವೆ. ಹೋಮ್‌ವರ್ಕ್ ಇದೆ, ಬರೆಯುವುದು ನಾವೇ. ಕೆಲಸದ ಒತ್ತಡ ಇದ್ದ ತಿಂಗಳು ನನ್ನಿಂದ ಒಂದು ಪೋಸ್ಟೂ ಬರುವುದಿಲ್ಲ. ಡಿಸೈನ್, ವಿಡಿಯೋ ಅವರ ಹತ್ತಿರ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಗಂಟೆಯ ಲೆಕ್ಕದಲ್ಲಿ ಕೋಚ್ ಎಲ್ಲಕ್ಕಿಂತ ದುಬಾರಿ. ನಾನು ಕೊಟ್ಟದ್ದು ಸ್ವಂತ ಜೇಬಿನಿಂದ, ಹಾಗಾಗಿ ಮೊದಲು ಹಿಂದೆ ಮುಂದೆ ನೋಡಿದೆ. ಆದರೆ ಅವರ ಕೆಲಸಕ್ಕೆ ಕೊನೆ ಅಂತ ಇದೆ. ಕಲಿತ ಮೇಲೆ ಮುಗಿಯಿತು, ಈಗ ಯಾವಾಗಲಾದರೂ ಬೇಕೆನಿಸಿದರೆ ಒಂದು ಸೆಷನ್. ಏಜೆನ್ಸಿಗೆ ಕಟ್ಟುವುದು ನಿಲ್ಲಿಸಿದರೆ ಪೋಸ್ಟೂ ನಿಲ್ಲುತ್ತದೆ, ನಮ್ಮ ಕೈಗೆ ಏನೂ ಬಂದಿರುವುದಿಲ್ಲ. ನಿಮ್ಮ ಕಂಪನಿ ದುಡ್ಡು ಕೊಡುವುದಾದರೆ ಸೆಷನ್‌ನಲ್ಲಿ ಆಡಿದ ಮಾತು ಎಚ್‌ಆರ್‌ಗೆ ಎಷ್ಟು ಹೋಗುತ್ತದೆ ಅನ್ನುವುದನ್ನು ಶುರುವಿನಲ್ಲೇ ಬರವಣಿಗೆಯಲ್ಲಿ ಪಡೆಯಿರಿ. ಸೆಷನ್ ರೆಕಾರ್ಡಿಂಗ್ ಯಾವಾಗ ಅಳಿಸುತ್ತಾರೆ ಅನ್ನುವುದನ್ನೂ.

ಕೂತು ಬರೆಯಲು ಸಾಧ್ಯವೇ ಇಲ್ಲ ಅನ್ನುವವರು ಏಜೆನ್ಸಿಗೇ ಹೋಗುತ್ತಾರೆ, ಅದು ಗೊತ್ತು. ಅಂಥವರು ಫೋಟೋ ಮತ್ತು ಕರಡು ಅವರಿಂದ ತೆಗೆದುಕೊಳ್ಳಿ, ಲಾಗಿನ್ ಕೊಡಬೇಡಿ, ಪೋಸ್ಟ್ ಬಟನ್ ನೀವೇ ಒತ್ತಿ. 'ನನ್ನ ಹೆಸರಲ್ಲಿ ಉತ್ತರ ಯಾರು ಬರೆಯುತ್ತಾರೆ?' ಅಂತ ಮೊದಲ ಕಾಲ್‌ನಲ್ಲೇ ಕೇಳಿ. ಅದಕ್ಕೆ 'ನೀವೇ' ಅನ್ನುವ ಏಜೆನ್ಸಿ ಸಿಕ್ಕರೆ ಮುಂದಿನ ಮಾತು ಆಡಬಹುದು.