ಹಳೇ ವಜ್ರಕ್ಕೆ ಬೆಲೆ ಕಟ್ಟಿಸಬೇಕಾ? ತುಮಕೂರು ಚಿಕ್ಕಪೇಟೆಯ ಈ ಅಂಗಡಿಗೆ ಹೋಗಿ

ಇವರು ನಿಮ್ಮ ಹಳೇ ವಜ್ರವನ್ನು ಕೊಂಡುಕೊಳ್ಳುವುದಿಲ್ಲ. ಬೆಲೆ ಎಷ್ಟಾಗಬಹುದು ಅಂತ ಮಾತ್ರ ಬರೆದುಕೊಡುತ್ತಾರೆ. ನಾನು ನಾಲ್ಕು ಸ್ಟಾರ್ ಕೊಡೋಕೆ ಮೊದಲ ಕಾರಣ ಇದೇ.

ಅಜ್ಜಿಯ ಒಂಟಿ ಹರಳಿನ ಉಂಗುರ ಅಮ್ಮನಿಗೆ ಬಂದಿತ್ತು. ಅಮ್ಮ ತೀರಿಕೊಂಡ ಮೇಲೆ ಉಂಗುರ ನನಗಿರಲಿ, ತಮ್ಮನಿಗೂ ತಂಗಿಗೂ ಅವರ ಪಾಲಿನ ದುಡ್ಡು ಕೊಡೋಣ ಅಂತ ಮನೇಲಿ ಮಾತಾಯಿತು. ಎಷ್ಟು ಅಂತ ಕೊಡೋದು? ಊರಲ್ಲೇ ಇನ್ನೊಂದು ದೊಡ್ಡ ಅಂಗಡಿಯಲ್ಲಿ ಕೇಳಿದರೆ "ಹಳೇ ಕಟಿಂಗು, ಈಗ ಯಾರೂ ಕೇಳಲ್ಲ" ಅಂದು, ಚಿನ್ನದ ಟಚ್ ನೋಡಿ, ಚಿನ್ನದ ತೂಕಕ್ಕಷ್ಟೇ ರೇಟು ಹೇಳಿ, ಕಲ್ಲಿಗೆ ಬಿಡಿಗಾಸೂ ಕಟ್ಟದೆ, ಎಕ್ಸ್‌ಚೇಂಜಲ್ಲಿ ಹೊಸ ನೆಕ್ಲೇಸ್ ತಗೊಳ್ಳಿ ಅಂತ ಟ್ರೇ ಮುಂದಿಟ್ಟರು. ಕೊಳ್ಳುವವರೇ ಬೆಲೆ ಕಟ್ಟಿದರೆ ಹೀಗೇ ಆಗೋದು, ಅಲ್ವಾ?

ಇಲ್ಲಿನ ಹಿರಿಯರು ಉಂಗುರವನ್ನು ತೊಳೆಯಲು ಬಿಡಲಿಲ್ಲ. ಹಿಂಬದಿ ಮುಚ್ಚಿದ ಹಳೇ ಒಡವೆಗಳಲ್ಲಿ ಕಲ್ಲಿನ ಕೆಳಗೆ ಅರಗೋ ಹೊಳಪಿನ ತಗಡೋ ಇರುತ್ತದೆ, ನೀರು ಹೋದರೆ ಕೆಡುತ್ತದಂತೆ. ಆಮೇಲೆ ಭೂತಗನ್ನಡಿ ಕೊಟ್ಟು "ನೀವೇ ನೋಡಮ್ಮಾ" ಅಂದರು. ಹರಳಿನ ನಟ್ಟನಡುವೆ ಒಂದು ಪುಟ್ಟ ವೃತ್ತ, ತೂತು ಬಿದ್ದ ಹಾಗೆ! ಗಾಬರಿಯಾಯಿತು. ಅದು ತೂತಲ್ಲ. ಹಿಂದಿನವರು ಹರಳಿನ ತಳದ ತುದಿಯನ್ನು ಚಪ್ಪಟೆ ಮಾಡುತ್ತಿದ್ದರು, ಮೇಲಿಂದ ಅದೇ ಹಾಗೆ ಕಾಣುತ್ತದೆ. ಈಗಿನ ಕಲ್ಲುಗಳ ತಳ ಚೂಪು. ಮೂಲೆ ಗುಂಡಾದ ಚೌಕ, ಎತ್ತರದ ಮೈ, ಮೇಲೆ ಚಿಕ್ಕ ಮುಖ, ಇದನ್ನು ಓಲ್ಡ್ ಮೈನ್ ಕಟ್ ಅಂತಾರೆ. ಜೊತೆಗೆ ಬಂದಿದ್ದ ಚಿಕ್ಕಪ್ಪ "ಗೋಲ್ಕೊಂಡದ್ದಾ?" ಅಂತ ಆಸೆಯಿಂದ ಕೇಳಿದರು. ಕಟಿಂಗ್ ನೋಡಿ ಗಣಿ ಹೇಳೋಕಾಗಲ್ಲ, ಬ್ರೆಜಿಲ್ಲಿನ ಕಲ್ಲಿಗೂ 1867ರ ನಂತರ ಸಿಕ್ಕ ದಕ್ಷಿಣ ಆಫ್ರಿಕಾದ ಕಲ್ಲಿಗೂ ಇದೇ ಕಟಿಂಗ್ ಹಾಕಿದ್ದಾರೆ ಅಂದರು. ಸುಮ್ನೆ ಹೂಂ ಅಂದಿದ್ದರೆ ನಾವು ಖುಷಿಯಾಗಿ ಬರುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ.

ಪೆನ್ ಥರದ ಟೆಸ್ಟರ್ ಇಟ್ಟು ವಜ್ರ ಅಂತ ತೋರಿಸಿದ ಮೇಲೂ ಬಿಡಲಿಲ್ಲ. ಅದು ಶಾಖ ಹರಿಯುವುದನ್ನು ಮಾತ್ರ ಅಳೆಯುತ್ತದೆ, ವಜ್ರದ ಹಾಗೇ ಕಾಣುವ ಮಾಯ್ಸನೈಟ್ ಅನ್ನೋ ಬೇರೆ ಕಲ್ಲೂ ಅದರಲ್ಲಿ ಪಾಸಾಗುತ್ತದೆ. ಉಂಗುರ ಅಜ್ಜಿ ಕಾಲದ್ದಾದರೂ ನಡುವೆ ಎಲ್ಲೋ ರಿಪೇರಿಗೆ ಕೊಟ್ಟಾಗ ಕಲ್ಲು ಬದಲಾಗಿರಬಹುದಲ್ಲ, ಅದಕ್ಕೇ ಇನ್ನೊಂದು ಮೆಷಿನ್ನಲ್ಲೂ ನೋಡಿದರು.

ಕಲ್ಲು ಬಿಚ್ಚುವ ಮುಂಚೆ ಅಳತೆಯ ಮೇಲೆ ಅಂದಾಜು 90 ಸೆಂಟ್ ಅಂದಿದ್ದರು. ನನ್ನ ಕಣ್ಣೆದುರೇ ಆಚಾರ್ರು ಬಿಚ್ಚಿ ತೂಗಿದಾಗ 97 ಬಂತು. 100 ಸೆಂಟ್ ಅಂದರೆ ಒಂದು ಕ್ಯಾರೆಟ್, 200 ಮಿಲಿಗ್ರಾಂ. ಅದನ್ನು ದಾಟಿದರೆ ಕ್ಯಾರೆಟ್ಟಿಗೆ ಹಾಕುವ ರೇಟೇ ಮೇಲೇರುತ್ತದೆ. ಮೂರು ಸೆಂಟ್ ಕಡಿಮೆ ಬಿತ್ತು ಅಂತ ಬೇಜಾರಾಯಿತು ನಿಜ, ಆದರೆ ತೂಕದ ಯಂತ್ರದ ಅಂಕಿ ನಾನೇ ನೋಡಿದೆ. ಹೊಸ ಕಟಿಂಗ್ ಮಾಡಿಸಿದರೆ ತೂಕವೂ ಹೋಗುತ್ತದೆ, ಹಳೇತನವೂ ಹೋಗುತ್ತದೆ, ಹಾಗೇ ಇರಲಿ ಅಂದರು.

ಲ್ಯಾಬ್ ರಿಪೋರ್ಟ್ ಬೇಕಾದರೆ ಕಳಿಸಿಕೊಡುತ್ತಾರೆ. ವಜ್ರ ಪರೀಕ್ಷಿಸುವ ಜಿಐಎ ಅನ್ನೋ ಸಂಸ್ಥೆ ಬಿಡಿ ಕಲ್ಲಿಗೆ ಮಾತ್ರ ಗ್ರೇಡ್ ಕೊಡುತ್ತದೆ, ರಿಪೋರ್ಟಿನಲ್ಲಿ ಬಣ್ಣ, ಶುದ್ಧತೆ, ತೂಕ ಇರುತ್ತದೆಯೇ ಹೊರತು ಬೆಲೆ ಇರುವುದಿಲ್ಲ. ಹಾಲ್‌ಮಾರ್ಕ್ ಇದ್ದರೂ ಅದು ಚಿನ್ನಕ್ಕೆ, ಕಲ್ಲಿಗಲ್ಲ.

ಕೊನೆಗೆ ಕೊಟ್ಟ ಚೀಟಿಯಲ್ಲಿ ಎರಡು ಬೆಲೆ ಇತ್ತು. ಇಂಥದ್ದೇ ಇನ್ನೊಂದು ಕೊಳ್ಳಬೇಕಾದರೆ ಎಷ್ಟು, ಇವತ್ತು ಮಾರಿದರೆ ಕೈಗೆ ಎಷ್ಟು. ಮೊದಲನೆಯದು ಇನ್ಶೂರೆನ್ಸಿಗೆ. ಪಾಲಿಗೆ ಎರಡನೆಯದನ್ನೇ ಹಿಡಿಯಿರಿ ಅಂದರು, ತಂಗಿಯೂ ಒಪ್ಪಿದಳು. ನಾಳೆ ಮಾರುವುದಾದರೆ ಲಾಭದ ಮೇಲಿನ ತೆರಿಗೆ ಲೆಕ್ಕಕ್ಕೆ 2001ರ ಏಪ್ರಿಲ್ 1ರಂದು ಇದ್ದ ಬೆಲೆ ಬೇಕಾಗಬಹುದು, ಅದಕ್ಕೆ ರಿಜಿಸ್ಟರ್ಡ್ ವ್ಯಾಲ್ಯೂಯರ್ ಹತ್ತಿರ ಹೋಗಿ, ನಮ್ಮ ಚೀಟಿ ನಡೆಯಲ್ಲ ಅಂತಲೂ ತಾವಾಗೇ ಹೇಳಿದರು. ಫೀಸು ಬೆಲೆಯ ಮೇಲೆ ಪರ್ಸೆಂಟ್ ಅಲ್ಲ, ಒಂದೇ ಮೊತ್ತ. ಹಾಗಾಗಿ ಬೆಲೆ ಏರಿಸಿ ಹೇಳೋ ಆಸೆ ಅವರಿಗಿಲ್ಲ.

ಒಂದು ಸ್ಟಾರ್ ಕಡಿಮೆ ಯಾಕೆ? ಲ್ಯಾಬ್ ಖರ್ಚು ಬೇರೆ ಅಂತ ಮೊದಲೇ ಹೇಳಲಿಲ್ಲ. ಮಹಡಿ ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಸಂಜೆ ಹೋದರೆ ನೋಡುವುದೇ ಇಲ್ಲ, ಬಣ್ಣ ಗೊತ್ತಾಗಲು ಹಗಲು ಬೆಳಕು ಬೇಕಂತೆ. ಬೆಳಿಗ್ಗೆ ಫೋನ್ ಮಾಡಿ ಹೋಗಿ, ಹಳೇ ರಸೀದಿ ಇದ್ದರೆ ಇಟ್ಟುಕೊಳ್ಳಿ, ಕಲ್ಲು ಬಿಚ್ಚುವಾಗ ಪಕ್ಕದಲ್ಲೇ ಕೂತಿರಿ.