ಅಡಾಪಲೀನ್ ಜೆಲ್: ಎಂಟು ತಿಂಗಳು ಹಚ್ಚಿದ ಮೇಲೆ

ಮಂಡಿಪೇಟೆಯ ಸೀರೆ ಅಂಗಡಿಯಲ್ಲಿ ನನ್ನ ಕೆಲಸ. ಹೆಗಲ ಮೇಲೆ ಸೀರೆ ಹಾಕಿಕೊಂಡು ತೋರಿಸುವಾಗ ಗಿರಾಕಿಗಳ ಕಣ್ಣು ಸೀರೆಯಿಂದ ಮುಖಕ್ಕೆ ಬರುತ್ತದೆ. "ಕೆನ್ನೆಗೆ ಏನಾಯ್ತವ್ವ?" ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಅದಕ್ಕೇ ಮೊಡವೆಗೆ ಹಚ್ಚುವ ಅಡಾಪಲೀನ್ 0.1% ಜೆಲ್ ಬಗ್ಗೆ ಮನಸ್ಸಿಟ್ಟು ಬರೆಯುತ್ತಿದ್ದೇನೆ.

ನನಗೆ ಮೊಡವೆ ಕಮ್ಮಿಯಾಯಿತು, ಕಲೆ ಮಸುಕಾಯಿತು. ಗುಳಿ ಹಾಗೇ ಇದೆ. ಕಲೆ ಬೇರೆ, ಗುಳಿ ಬೇರೆ ಅಂತ ನನಗೆ ನಾಲ್ಕು ವರ್ಷ ಗೊತ್ತೇ ಇರಲಿಲ್ಲ.

ಗೊತ್ತು ಮಾಡಿಸಿದವರು ಚರ್ಮದ ಡಾಕ್ಟರ್ ಮೇಡಂ. ಕಿಟಕಿ ಪಕ್ಕ ಕೂರಿಸಿ, ಕೈಗೆ ಕನ್ನಡಿ ಕೊಟ್ಟು, ನನ್ನ ಕೆನ್ನೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿದರು. ಅಗಲವಾದ ಗುಳಿಗಳು ಸಮ ಆದವು. ಕಂದು ಚುಕ್ಕೆಗಳು ಇದ್ದಲ್ಲೇ ಇದ್ದವು. "ನೋಡಮ್ಮ, ಚುಕ್ಕೆ ಬರೀ ಬಣ್ಣ. ಗುಳಿ ಒಳಗಿನ ಗಾಯ" ಅಂದರು.

ಕೂದಲಿನ ಬುಡದ ಸಣ್ಣ ಚೀಲ ಎಣ್ಣೆ ಮತ್ತು ಸತ್ತ ಚರ್ಮದಿಂದ ಕಟ್ಟಿಕೊಂಡು ಊದಿದರೆ ಮೊಡವೆ. ಊದಿದ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿಯಾಗಿ ಕಲೆ ಉಳಿಯುತ್ತದೆ. ಗೋಧಿ ಬಣ್ಣ, ಕಪ್ಪು ಬಣ್ಣದವರಿಗೆ ಇದು ಇನ್ನೂ ಜಾಸ್ತಿ. ತಿಂಗಳುಗಟ್ಟಲೆ ಹಿಡಿದರೂ ನಿಧಾನಕ್ಕೆ ಮಾಸುತ್ತದೆ. ಆದರೆ ಚೀಲ ಒಳಗೇ ಒಡೆದು ಊತ ಆಳಕ್ಕಿಳಿದರೆ ಚರ್ಮವನ್ನು ಹಿಡಿದಿಟ್ಟ ಕೊಲಾಜನ್ ಹಾಳಾಗುತ್ತದೆ. ಅಲ್ಲಿ ಗುಳಿ ಬೀಳುತ್ತದೆ. ಕೆಲವರಿಗೆ ಕೊಲಾಜನ್ ಜಾಸ್ತಿ ಬೆಳೆದು ದವಡೆ, ಎದೆ, ಹೆಗಲ ಮೇಲೆ ಗಂಟಾಗುತ್ತದೆ. ನನ್ನ ಎಡಗೆನ್ನೆಯ ಎರಡು ಗುಳಿಗಳು ಪಿಯುಸಿಯಲ್ಲಿ ನಾನು ಉಗುರಿನಿಂದ ಹಿಸುಕಿದ ಜಾಗದಲ್ಲೇ ಇವೆ.

ಮೇಡಂ ಹತ್ತಿರ ಹೋಗುವ ಮೊದಲು ಒಂದು ಮೆಡಿಕಲ್ ಶಾಪ್‌ನವರು ಕೊಟ್ಟ ಕ್ರೀಮ್ ಹಚ್ಚಿದ್ದೆ. ಎರಡೇ ವಾರಕ್ಕೆ ಮುಖ ಹೊಳೆಯಿತು. ಬಿಟ್ಟ ಮೇಲೆ ಮೊಡವೆ ಮೊದಲಿಗಿಂತ ಜಾಸ್ತಿ ಎದ್ದವು. ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ. ದಯವಿಟ್ಟು ಚೀಟಿ ಇಲ್ಲದೆ ಅಂಥದ್ದು ಹಚ್ಚಬೇಡಿ.

ಜೆಲ್ ವಿಷಯಕ್ಕೆ ಬರುತ್ತೇನೆ. ರಾತ್ರಿ, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ಮೊಡವೆ ಮೇಲೆ ಮಾತ್ರ ಚುಕ್ಕೆ ಇಟ್ಟರೆ ಸಾಲದು. ಮೊದಲ ಮೂರು ವಾರ ಕಷ್ಟ. ಮೂಗಿನ ಪಕ್ಕ ಸಿಪ್ಪೆ ಎದ್ದು ಉರಿಯುತ್ತಿತ್ತು. ದಿನ ಬಿಟ್ಟು ದಿನ, ಮೊದಲು ಮಾಯಿಶ್ಚರೈಸರ್ ಹಚ್ಚಿ ಆಮೇಲೆ ಜೆಲ್ ಹಚ್ಚು ಅಂದರು ಮೇಡಂ, ಸರಿಹೋಯಿತು. ಮೂರನೇ ತಿಂಗಳಿಗೆ ಹೊಸ ಮೊಡವೆ ಕಮ್ಮಿ. ಆರನೇ ತಿಂಗಳಿಗೆ ಹಣೆಯ ಕಲೆ ಹುಡುಕಿ ನೋಡಬೇಕು ಅನ್ನುವಷ್ಟಾಯಿತು. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಇದನ್ನು ಹಚ್ಚಬಾರದು.

ಬಿಸಿಲಿಗೆ ಕಲೆ ಇನ್ನೂ ಕಪ್ಪಾಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ವಿದ್ಯಾನಗರದಿಂದ ಸ್ಕೂಟಿಯಲ್ಲಿ ಬರುವಾಗ ಎಸ್‌ಪಿಎಫ್ 30 ಸನ್‌ಸ್ಕ್ರೀನ್, ಮೇಲೆ ವೇಲ್. ಒಂದು ದಿನವೂ ತಪ್ಪಿಸಿಲ್ಲ.

ಗುಳಿಗೆ ಸೂಜಿಯ ಚಿಕಿತ್ಸೆ ಇದೆ, ಒಂದೇ ಸಲಕ್ಕೆ ಮುಗಿಯುವುದಿಲ್ಲ. ಅದಕ್ಕೆ ದುಡ್ಡು ಕೂಡಿಡುತ್ತಿದ್ದೇನೆ. ಹೊಸ ಮೊಡವೆ ಪೂರ್ತಿ ಹತೋಟಿಗೆ ಬಂದ ಮೇಲೇ ಅದು ಅಂದಿದ್ದಾರೆ ಮೇಡಂ.

ತಂಗಿ ಹತ್ತನೇ ಕ್ಲಾಸು. ಮೊನ್ನೆ ಅವಳ ಗಲ್ಲದ ಮೇಲೆ ಎರಡು ಕೀವಿನ ಮೊಡವೆ ಎದ್ದಿವೆ, ಕೈ ಸುಮ್ನೆ ಇರುವುದಿಲ್ಲ. ಶನಿವಾರ ನನ್ನ ಜೊತೆ ಅವಳನ್ನೂ ಮೇಡಂ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.